ಮನೆಯಲ್ಲಿ ಕರೆಯುವ ಹೆಸರು

ಅವರ ಎಡಗೈಯ ಕಿರುಬೆರಳು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಚಹದ ಕಪ್ಪು ಹಿಡಿದಾಗಲೂ, ಪೇಪರಿನ ಪುಟ ತಿರುವಿದಾಗಲೂ, ಯಾರಿಗಾದರೂ ನಮಸ್ಕಾರ ಮಾಡಿದಾಗಲೂ ಅದು ಕೊಕ್ಕೆಯ ಹಾಗೆ ಒಳಕ್ಕೆ ಬಾಗಿಯೇ ಇರುತ್ತಿತ್ತು. ಹುಟ್ಟಿನಿಂದ ಬಂದದ್ದಲ್ಲ. ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದವರ ಮೂಗು ಬಾಯಿಗೆ ಮಾಸ್ಕ್ ಒತ್ತಿ, ಅದೇ ಕೈಯ ಕಿರುಬೆರಳನ್ನು ದವಡೆಯ ಮೂಲೆಗೆ ಸಿಕ್ಕಿಸಿ ಮೇಲೆತ್ತಿ ಹಿಡಿಯಬೇಕು. ಇಲ್ಲದಿದ್ದರೆ ನಾಲಿಗೆ ಹಿಂದಕ್ಕೆ ಬಿದ್ದು ಉಸಿರು ಕಟ್ಟುತ್ತದೆ. ವರ್ಷಾನುಗಟ್ಟಲೆ ಹಾಗೆ ಹಿಡಿದೂ ಹಿಡಿದೂ ಬೆರಳು ಆ ಆಕಾರಕ್ಕೇ ಒಗ್ಗಿಹೋಗಿತ್ತು. "ಈ ಬೆರಳಿಗೆ ಎಷ್ಟ ಮಂದಿ ಜೋತು ಬಿದ್ದಾರ ನೋಡ್ರಿ ಸಿಸ್ಟರ್, ಬಾಗದ ಏನ್ ಮಾಡೀತು?" ಎಂದು ನಗುತ್ತಿದ್ದರು.

ಅವರು ಪುಣೆಯ ನಮ್ಮ ಟ್ರಸ್ಟ್ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ನಾನು ಅಲ್ಲಿಯೇ ಆಪರೇಷನ್ ಥಿಯೇಟರಿನ ನರ್ಸು. ಅವರು ಧಾರವಾಡದವರು, ನಾನು ಬೆಳಗಾವಿ ಕಡೆಯವಳು. ಥಿಯೇಟರಿನಲ್ಲಿ ಮಾತೆಲ್ಲ ಮರಾಠಿ. ಕೆಲಸ ಮುಗಿದು ಕ್ಯಾಪು ತೆಗೆದ ಕೂಡಲೇ ಇಬ್ಬರೂ ಕನ್ನಡಕ್ಕೆ ಬರುತ್ತಿದ್ದೆವು, ಹೊರಗಿನಿಂದ ಮನೆಗೆ ಬಂದು ಚಪ್ಪಲಿ ಬಿಟ್ಟ ಹಾಗೆ.

ನಾನು ಸೇರಿದ್ದು ತೊಂಬತ್ತರ ದಶಕದ ಆರಂಭದಲ್ಲಿ. ಮೊದಲ ದಿನವೇ ಅವರ ಮೇಲೆ ನನಗೆ ಸಿಟ್ಟು ಬಂದಿತ್ತು. ಸರ್ಜನ್ ಕೈ ತೊಳೆದು ಕಾಯುತ್ತಿದ್ದಾರೆ, ನಾನು ಟ್ರೇ ಜೋಡಿಸಿ ನಿಂತಿದ್ದೇನೆ, ಈ ಮನುಷ್ಯ ಮಾತ್ರ ಅಂಗೈಗಳನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳುತ್ತ, ಟೇಬಲ್ಲಿನ ಮೇಲಿದ್ದ ಮುದುಕಿಯ ಜೊತೆ ಹರಟೆಗೆ ಕೂತಿದ್ದಾರೆ. "ಘರೀ ತುಮ್ಹಾಲಾ ಕಾಯ್ ಮ್ಹಣತಾತ್?" ಮನೆಯಲ್ಲಿ ನಿಮ್ಮನ್ನು ಏನಂತ ಕರೆಯುತ್ತಾರೆ? ಮುದುಕಿ ನಾಚಿಕೊಂಡು ಏನೋ ಒಂದು ಹೆಸರು ಹೇಳಿದಳು. ಕೇಸ್ ಪೇಪರಿನಲ್ಲಿದ್ದ ಹೆಸರಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಅವರು ಆ ಹೆಸರನ್ನು ಎರಡು ಸಲ ಬಾಯಲ್ಲಿ ಹೇಳಿ ನೋಡಿಕೊಂಡು, ಬೆಚ್ಚಗಾದ ಕೈಯನ್ನು ಆಕೆಯ ಹಣೆಯ ಮೇಲಿಟ್ಟು, ನಿದ್ದೆ ಬರಿಸಿದರು. ಆಪರೇಷನ್ ಮುಗಿದ ಮೇಲೆ ತಲೆಯ ಹತ್ತಿರ ಸ್ಟೂಲ್ ಎಳೆದುಕೊಂಡು ಕೂತು, ಕಿವಿಯ ಬಳಿ ಬಾಗಿ ಆ ಹೆಸರಿನಿಂದಲೇ ಕರೆದರು. ಮುದುಕಿ ಕಣ್ಣು ಬಿಟ್ಟಳು.

"ಇದೆಂಥಾ ಪದ್ಧತಿರೀ ಸರ್?" ಎಂದು ಕೇಳಿದೆ.

"ಮಲಗ್ಸೂದೇನ ದೊಡ್ಡ ಮಾತಲ್ರಿ. ಎಬ್ಬಿಸೂದ ಖರೇ ಕೆಲಸ," ಎಂದರು. "ಸಾಲ್ಯಾಗ ಬರಿಸಿದ ಹೆಸರಿಗೆ ಯಾರೂ ಲಗೂನ ಏಳಂಗಿಲ್ಲ. ಅವ್ವ ಕರೆಯೋ ಹೆಸರು ಭಾಳ ಆಳಕ್ಕ ಇಳದಿರ್ತದ. ಎಲ್ಲಿಂದಾದ್ರೂ ಹಿಡದು ಮ್ಯಾಲೆ ತರ್ತದ."

ಇದು ಯಾವ ಪಠ್ಯಪುಸ್ತಕದಲ್ಲಿ ಇದೆಯೋ ನನಗೆ ಗೊತ್ತಿಲ್ಲ. ಮದ್ದಿನ ಅಮಲು ಇಳಿದರೆ ಯಾವ ಹೆಸರಿಗಾದರೂ ಏಳುತ್ತಾರೆ ಎಂದು ಸರ್ಜನ್‌ಗಳು ಹಿಂದಿನಿಂದ ನಗುತ್ತಿದ್ದರು. ಡಾಕ್ಟರೂ ನಗುತ್ತಿದ್ದರು, ಪದ್ಧತಿ ಮಾತ್ರ ಬಿಡಲಿಲ್ಲ. ನನ್ನನ್ನೂ ಒಮ್ಮೆ ಕೇಳಿದರು. ನಾನು ಖಡಾಖಂಡಿತವಾಗಿ ಹೇಳಿಬಿಟ್ಟೆ: "ನನ್ನ ಮಲಗ್ಸೋ ದಿನಾ ಹೇಳ್ತೀನ್ರಿ." ಕೆಲವು ವರ್ಷಗಳ ಮೇಲೆ ಪಿತ್ತಕೋಶದ ಕಲ್ಲಿನಿಂದ ಆ ದಿನವೂ ಬಂತು. ಹೇಳಿದೆ. ಆಪರೇಷನ್ ಮುಗಿದು, ಯಾರೋ ಅಂಗಳದ ಆಚೆಯಿಂದ ಊಟಕ್ಕೆ ಕರೆಯುತ್ತಿದ್ದಾರೆ ಎನ್ನಿಸಿ ಕಣ್ಣು ಬಿಟ್ಟರೆ ಅವರು ಸ್ಟೂಲಿನ ಮೇಲೆ ಕೂತಿದ್ದರು. ಆಮೇಲೆ ಥಿಯೇಟರಿನ ಹೊರಗೆ ಆ ಹೆಸರನ್ನು ಅವರು ಒಂದು ಸಲವೂ ಬಾಯಿಗೆ ತರಲಿಲ್ಲ. ಚೇಷ್ಟೆಗೂ ಇಲ್ಲ. ಚೇಷ್ಟೆಗೇನು ಕಡಿಮೆಯವರಲ್ಲ ಅವರು. ನನ್ನ ಚಪಾತಿಯನ್ನು 'ಬೆಳಗಾವಿಯ ಭೂಪಟ' ಎಂದು ಕರೆದವರೇ.

ಜೇಜುರಿಯಿಂದ ಬಂದ ಒಂದು ದಂಪತಿಯ ಕಥೆ ಹೇಳದೆ ಮುಂದೆ ಹೋಗಲಾರೆ. ವಿಜಾಪುರದ ಕಡೆಯಿಂದ ಖಂಡೋಬನ ದರ್ಶನಕ್ಕೆ ಬಂದಿದ್ದ ಗಂಡ ಹೆಂಡತಿ. ಗಂಡ ಅಲ್ಲಿನ ಮೆಟ್ಟಿಲ ಮೇಲೆ ಜಾರಿ ತೊಡೆ ಮುರಿದುಕೊಂಡ. ಮೈತುಂಬ ಭಂಡಾರದ ಅರಿಶಿನ ಮೆತ್ತಿಕೊಂಡೇ ನಮ್ಮಲ್ಲಿಗೆ ಬಂದ. ನೋವಿನಲ್ಲಿ ಹಲ್ಲು ಕಚ್ಚಿಕೊಂಡವನಿಗೆ ಹೆಸರು ಹೇಳುವ ತ್ರಾಣ ಇರಲಿಲ್ಲ. ಆಪರೇಷನ್ ಮುಗಿದು ಬಹಳ ಹೊತ್ತಾದರೂ ಎಚ್ಚರವಾಗಲಿಲ್ಲ. ಡಾಕ್ಟರು ಹೊರಗೆ ಹೋಗಿ ಹೆಂಡತಿಯನ್ನು ಕೇಳಿದರು, "ಮನ್ಯಾಗ ಏನಂತ ಕರೀತೀರವ್ವಾ?"

ಆಕೆ ಸೆರಗು ಬಾಯಿಗೆ ಒತ್ತಿಕೊಂಡಳು. "ಅಯ್ಯ ಶಿವನ! ಗಂಡನ ಹೆಸರ ನಾ ಹೆಂಗ ಹಿಡೀಲ್ರಿ?"

"ಹೆಸರ ಬ್ಯಾಡ. ಮತ್ತ ಊಟಕ್ಕ ಹೆಂಗ ಕರೀತಿ?"

"ಕರಿಯೂದೇನ್ರಿ, 'ಏನ್ರಿ, ಬರ್ರಿ' ಅಂತೀನಿ."

ಅವರು ಆಕೆಗೆ ಥಿಯೇಟರಿನ ಗೌನು, ಕ್ಯಾಪು ತೊಡಿಸಿ ಒಳಗೆ ಕರೆತಂದು ಸ್ಟೂಲಿನ ಮೇಲೆ ಕೂರಿಸಿದರು. ನಿಯಮ ಮುರಿದದ್ದಕ್ಕೆ ನಾನು ಗೊಣಗಿದೆ. ಆಕೆ ನಮ್ಮನ್ನೆಲ್ಲ ಒಮ್ಮೆ ನೋಡಿ, ಗಂಡನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ, "ಏನ್ರಿ, ಏಳ್ರಿ, ಹೊತ್ತಾತು" ಎಂದಳು. ಆತ "ಹ್ಞೂಂ" ಎಂದ. ಡಾಕ್ಟರು ಆ ದಿನವೆಲ್ಲ ಹಬ್ಬದ ಮುಖದಲ್ಲಿದ್ದರು.

ನಮ್ಮ ಸ್ತ್ರೀರೋಗ ಸರ್ಜನ್ ಒಬ್ಬರಿದ್ದರು, ಮರಾಠಿಯವರು. ಎಲ್ಲರ ಬಾಯಲ್ಲಿ ಬರೀ ಮ್ಯಾಡಂ. ತೊಂಬತ್ತರ ದಶಕದ ಕೊನೆಗೆ ಅವರು ನಾಲ್ಕಾರು ಡಾಕ್ಟರುಗಳನ್ನೂ ಪೇಟೆಯ ಕೆಲವು ವ್ಯಾಪಾರಸ್ಥರನ್ನೂ ಸೇರಿಸಿ ಒಂದು ಸೇವಾಸಂಸ್ಥೆ ಕಟ್ಟಿದರು. ವರ್ಷಕ್ಕೊಮ್ಮೆ ಪೂರ್ವ ಆಫ್ರಿಕಾದ ಒಂದು ದೊಡ್ಡ ಕೆರೆಯ ದಂಡೆಯ ಊರಿಗೆ ಹೋಗಿ, ಅಲ್ಲಿನ ಬಡ ಹೆಂಗಸರಿಗೆ ಪುಕ್ಕಟೆ ಆಪರೇಷನ್ ಮಾಡುವುದು ಅದರ ಕೆಲಸ. ಅಲ್ಲಿ ಹೆರಿಗೆ ಕಷ್ಟವಾದರೆ ಹತ್ತಿರದಲ್ಲಿ ಆಸ್ಪತ್ರೆ ಇಲ್ಲ. ದಿನಗಟ್ಟಲೆ ನೋವು ತಿಂದು, ಮಗು ಒಳಗೇ ಸತ್ತು, ತಾಯಿ ಉಳಿದರೂ ಒಳಗಿನ ಗೋಡೆ ಹರಿದು ತೂತಾಗಿರುತ್ತದೆ. ಮೂತ್ರ ಸದಾ ಸೋರುತ್ತದೆ. ವಾಸನೆಗೆ ಗಂಡ ಬಿಡುತ್ತಾನೆ, ಮನೆಯವರು ಹಿತ್ತಲಿನ ಗುಡಿಸಲಿಗೆ ಹಾಕುತ್ತಾರೆ. ಹೊಲಿದರೆ ವಾಸಿಯಾಗುವ ಕಾಯಿಲೆ ಅದು. ಹೊಲಿಯುವವರು ಮ್ಯಾಡಂ, ನಿದ್ದೆ ಬರಿಸುವವರು ಇವರು, ಸಾಮಾನು ಕೊಡುವವಳು ನಾನು. ಹೋಗುವ ಮೊದಲು ಪೆಟ್ಟಿಗೆ ತುಂಬುವಾಗ ಹೊಲಿಗೆದಾರ, ಸಿರಿಂಜುಗಳ ನಡುವೆ ಅವರು ಶೇಂಗಾ ಚಟ್ನಿಯ ಡಬ್ಬಿ ತುರುಕುತ್ತಿದ್ದರು. ನಾನು ತೆಗೆಯುತ್ತಿದ್ದೆ. ಅಲ್ಲಿ ಹೋಗಿ ಪೆಟ್ಟಿಗೆ ಬಿಚ್ಚಿದರೆ ಡಬ್ಬಿ ಇದ್ದೇ ಇರುತ್ತಿತ್ತು.

ಅಲ್ಲಿಯೂ ಅದೇ ಪದ್ಧತಿ. ಆ ಊರಿನ ನರ್ಸ್ ಒಬ್ಬಳು ಅವರ ಮಾತನ್ನು ಆ ಹೆಂಗಸರಿಗೆ ದಾಟಿಸುತ್ತಿದ್ದಳು. ಹೆಚ್ಚಿನವರಿಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದರೆ ಸಾಕು. ಎಚ್ಚರವಾಗಿಯೇ ಇರುವವರ ಮನೆಹೆಸರು ಯಾಕೆ ಎಂದು ನಾನು ಕೇಳಿದರೆ, "ಅಂಜಿಕಿ ಬಂದಾಗ ಕರೀಲಿಕ್ಕ ಬೇಕಲ್ರಿ" ಎನ್ನುತ್ತಿದ್ದರು.

ಮೂರನೆಯ ಸಲ ಹೋದಾಗ ಅವಳು ಬಂದಳು. ವಯಸ್ಸು ಇಪ್ಪತ್ತರ ಆಚೆ ಈಚೆ ಇದ್ದೀತು. ಕಡ್ಡಿಯಂಥ ಕೈಕಾಲು. ಬೆನ್ನಿನ ಇಂಜೆಕ್ಷನ್ ಅವಳಿಗೆ ಹಿಡಿಯಲಿಲ್ಲ, ಪೂರ್ತಿ ನಿದ್ದೆ ಬರಿಸಬೇಕಾಯಿತು. ಡಾಕ್ಟರು ಕೈ ಬೆಚ್ಚಗೆ ಮಾಡಿಕೊಂಡು ಕೇಳಿದರು. ಅವಳು ತಲೆ ಅಲ್ಲಾಡಿಸಿದಳು. ನರ್ಸ್ ಹೇಳಿದಳು, "ಮನೆಯಲ್ಲಿ ನನ್ನನ್ನು ಯಾರೂ ಕರೆಯುವುದಿಲ್ಲ ಅಂತಾಳೆ."

ಊಟದ ತಟ್ಟೆಯನ್ನು ಗುಡಿಸಲ ಬಾಗಿಲಲ್ಲಿಟ್ಟು ಬಾಗಿಲು ಬಡಿದು ಹೋಗುತ್ತಾರಂತೆ. ಬಹಳ ವರ್ಷಗಳಿಂದ ಹಾಗೆಯೇ. ಕರೆಯುವ ಪ್ರಸಂಗವೇ ಬಂದಿಲ್ಲ.

ಮ್ಯಾಡಂ ಕೈ ತೊಳೆದು ನಿಂತಿದ್ದರು, ಹೊರಗೆ ಇನ್ನೂ ಹೆಂಗಸರು ಕೂತಿದ್ದರು. "ಆಸ್ಪತ್ರೆಯಲ್ಲಿ ಬರೆಸಿದ ಹೆಸರಿದೆಯಲ್ಲ, ಅದೇ ಸಾಕು" ಎಂದು ಮ್ಯಾಡಂ ಮರಾಠಿಯಲ್ಲಿ ಅವಸರಪಡಿಸಿದರು. ಇವರು ಕೇಳಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತು ಮತ್ತೆ ಕೇಳಿಸಿದರು. ಯಾರೂ ಕರೆಯದಿದ್ದರೆ ಹೋಗಲಿ, ಏನೆಂದು ಕರೆದರೆ ನಿನಗೆ ಹಿತ?

ಅವಳು ಅವರ ಮುಖ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, "ಮಾಮಾ ನೇಮಾ" ಎಂದಳು.

ಆ ಕಡೆ ಮಾಮಾ ಅಂದರೆ ಅಮ್ಮ; ಮಕ್ಕಳಾದ ಹೆಂಗಸನ್ನು ಮಗುವಿನ ಹೆಸರು ಹಿಡಿದು, ಇಂಥವಳ ಅಮ್ಮ ಎಂದೇ ಕರೆಯುವುದು. ಹೊಟ್ಟೆಯಲ್ಲೇ ಸತ್ತುಹೋದ ಮಗು ಹೆಣ್ಣಾಗಿತ್ತು. ಉಳಿದಿದ್ದರೆ ಅದಕ್ಕೆ ನೇಮಾ ಎಂದು ಹೆಸರಿಡಬೇಕೆಂದು ಅವಳು ಮನಸ್ಸಿನಲ್ಲೇ ಇಟ್ಟುಕೊಂಡಿದ್ದಳು. ಯಾರಿಗೂ ಹೇಳಿರಲಿಲ್ಲ. ಅದನ್ನು ನಮಗೆ ಹೇಳುತ್ತ ಆ ನರ್ಸ್ ಮುಖ ತಿರುಗಿಸಿಕೊಂಡಳು. ಡಾಕ್ಟರು ಆ ಹೆಸರನ್ನು ಎರಡು ಸಲ ಹೇಳಿ ನೋಡಿಕೊಂಡರು. ಅವಳು ನಕ್ಕಳು. ನಗುತ್ತಲೇ ನಿದ್ದೆಹೋದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಹೊಲಿಗೆ ಗಟ್ಟಿಯಾಗಿ ಕೂತಿತ್ತು. ಕೊನೆಗೆ, ಇನ್ನೇನು ಎಬ್ಬಿಸಬೇಕು ಎನ್ನುವಾಗ ಅವಳ ಹೃದಯ ನಿಂತಿತು. ವರ್ಷಗಳ ಹಸಿವಿನಲ್ಲಿ ಆ ಗುಂಡಿಗೆ ಮೊದಲೇ ಸೋತಿತ್ತು. ಅದನ್ನು ಮುಂಚಿತವಾಗಿ ನೋಡಿ ತಿಳಿಯುವ ಯಂತ್ರ ಅಲ್ಲಿರಲಿಲ್ಲ. ನಾವೆಲ್ಲ ಸರದಿಯಲ್ಲಿ ಎದೆ ಒತ್ತಿದೆವು. ಇದ್ದ ಮದ್ದೆಲ್ಲ ಕೊಟ್ಟೆವು. ಆಮೇಲೆ ಮ್ಯಾಡಂ ಕೈಗವಸು ತೆಗೆದು, "ಪುರೇ ಆತಾ" ಎಂದರು. ಇನ್ನು ಸಾಕು.

ಡಾಕ್ಟರು ಸ್ಟೂಲ್ ಎಳೆದುಕೊಂಡು ಕೂತರು. ಬಾಗಿದ ಬೆರಳನ್ನು ಅವಳ ದವಡೆಗೆ ಸಿಕ್ಕಿಸಿ, ಇನ್ನೂ ಉಸಿರಾಡುತ್ತಿರುವವಳನ್ನು ಹಿಡಿದ ಹಾಗೆ ಹಿಡಿದುಕೊಂಡು, "ಮಾಮಾ ನೇಮಾ" ಎಂದು ಕರೆಯತೊಡಗಿದರು. ಮೆಲ್ಲಗೆ, ನಡುವೆ ಬಿಡುವು ಕೊಟ್ಟು, ಉತ್ತರಕ್ಕೆ ಕಾದು, ಮತ್ತೆ. ನಾನು ಹೋಗಿ ಭುಜ ಮುಟ್ಟಿ, "ಸರ್, ಬಿಡ್ರಿ ಇನ್ನ" ಎಂದೆ. ಅವರು ತಲೆ ಎತ್ತಲಿಲ್ಲ. "ಈಕಿನ್ನ ಕರಿಯವರು ಬ್ಯಾರೆ ಯಾರರ ಅದಾರೇನ್ರಿ ಸಿಸ್ಟರ್?" ಎಂದರು.

ಕಿಟಕಿಯ ಹೊರಗೆ ಕೂತ ಹೆಂಗಸರಿಗೆಲ್ಲ, ಆಪರೇಷನ್ ಆಗಿದ್ದವರಿಗೂ ಆಗಬೇಕಿದ್ದವರಿಗೂ, ಅದು ಕೇಳಿಸುತ್ತಿತ್ತು. ಮಾತು ನಿಲ್ಲಿಸಿ ಕೇಳುತ್ತಿದ್ದರು. ಬಿಸಿಲು ಇಳಿದ ಮೇಲೆ ಡಾಕ್ಟರೇ ಎದ್ದು, ಅವಳ ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಮನೆಯವರು ಯಾರೂ ಬರಲಿಲ್ಲ. ಆಸ್ಪತ್ರೆಯ ಹಿಂದೆ ಮಣ್ಣು ಮಾಡಿದರು. ನಮಗೆ ಮರುದಿನ ಹೊರಡುವುದಿತ್ತು.

ಪುಣೆಗೆ ಬಂದ ಮೇಲೆ ಅವರು ಕೆಲಸ ತಪ್ಪಿಸಲಿಲ್ಲ. ಹೆಸರು ಕೇಳುವುದನ್ನು ಮಾತ್ರ ಬಿಟ್ಟರು. ಕೇಸ್ ಪೇಪರು ನೋಡಿ ಅದರಲ್ಲಿದ್ದದ್ದನ್ನೇ ಕರೆದು ಎಬ್ಬಿಸುತ್ತಿದ್ದರು. ರೋಗಿಗಳು ಏಳುತ್ತಿದ್ದರು, ಏನೂ ವ್ಯತ್ಯಾಸವಾಗಲಿಲ್ಲ. ಆದರೆ ಥಿಯೇಟರಿನಲ್ಲಿ ಏನೋ ಬಿಕೋ ಎನ್ನುತ್ತಿತ್ತು. ಹಿಂದಿನಿಂದ ನಗುತ್ತಿದ್ದ ಸರ್ಜನ್‌ಗಳೂ ಸುಮ್ಮನಾದರು. ಮುಂದಿನ ವರ್ಷದ ಶಿಬಿರದ ಮಾತು ಬಂದಾಗ, "ನಾ ಬರಂಗಿಲ್ಲ" ಎಂದುಬಿಟ್ಟರು. ಇವರಿಲ್ಲದಿದ್ದರೆ ಶಿಬಿರವೇ ಇಲ್ಲ. ಅಲ್ಲಿ ನಿದ್ದೆ ಬರಿಸುವವರು ಬೇರೆ ಯಾರೂ ಇರಲಿಲ್ಲ, ಇಲ್ಲಿಂದ ಅಷ್ಟು ದೂರ ಬರಲು ಇನ್ನೊಬ್ಬರು ಒಪ್ಪಲಿಲ್ಲ. ಮ್ಯಾಡಂ ಹೋಗಿ ಹೇಳಿ ಸೋತು ಬಂದರು. ಕೊನೆಗೆ ನಾನು ಹೋದೆ.

ಅವರ ಮನೆ ವಿಮಾನ ನಗರದಲ್ಲಿ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಮನೆಯ ಮೇಲೆ ವಿಮಾನ ಹಾದುಹೋಗುವಾಗ ಅವರು ಮಾತನ್ನು ಅರ್ಧಕ್ಕೇ ನಿಲ್ಲಿಸಿ, ಸದ್ದು ಮುಗಿದ ಮೇಲೆ ಅಲ್ಲಿಂದಲೇ ಮುಂದುವರಿಸುತ್ತಿದ್ದರು. ಅಂದು ವಿಮಾನ ಹೋದ ಮೇಲೆ ಬೇರೆಯೇ ಮಾತು ತೆಗೆದರು.

"ಅಕಿ ಹೆಸರ ಹೇಳಲಿಕ್ಕೆ ಒಲ್ಲೆ ಅಂದಿದ್ಲು," ಎಂದರು. "ಹಟಾ ಹಿಡದು ಕೇಳಿದಾಂವ ನಾನು. ಅಷ್ಟು ವರ್ಷ ಮುಚ್ಚಿಟ್ಟಿದ್ದನ್ನ ನನ್ನ ನಂಬಿ ಕೊಟ್ಲು."

"ಕೇಳದ ಮಲಗಿಸಿದ್ರ ಬದುಕ್ತಿದ್ಲೇನ್ರಿ?"

"ಇಲ್ಲ."

"ಮತ್ತ?"

ನನಗೆ ಮೊದಲೇ ಬಾಯಿ ಬಿರುಸು. "ಅಲ್ಲಿ ಹೆಣ್ಮಕ್ಕಳು ಒದ್ದೆ ಸೀರ್ಯಾಗ ಕೂತಾರ್ರಿ ಸರ್. ನಿಮ್ಮ ದುಃಖಾ ತೀರೂತನಕಾ ಅವರು ಕಾಯಬೇಕೇನ್ರಿ?" ಎಂದುಬಿಟ್ಟೆ. ಅಲ್ಲಿಯವರು ಸೀರೆ ಉಡುವುದಿಲ್ಲ. ಸಿಟ್ಟಿನಲ್ಲಿ ನನ್ನ ಬಾಯಿಗೆ ಅದೇ ಬಂತು. ಅವರು ನನ್ನನ್ನು ನೋಡಿದರು. ಎದ್ದು ಒಳಗೆ ಹೋಗಿ ಚಹಕ್ಕೆ ಇಟ್ಟರು. ಕಪ್ಪು ನನ್ನ ಕೈಗೆ ಕೊಡುತ್ತ, "ಆ ಹೃದಯ ನೋಡೋ ಮಷಿನ್ ಇಲ್ದ ನಾ ಬರಂಗಿಲ್ಲ, ಮ್ಯಾಡಂಗ ಹೇಳ್ರಿ" ಎಂದರು. ಮ್ಯಾಡಂ ಪೇಟೆಯ ವ್ಯಾಪಾರಸ್ಥರ ಬೆನ್ನು ಬಿದ್ದು ಆ ಯಂತ್ರ ತಂದರು.

ಮತ್ತೆ ಅಲ್ಲಿಗೆ ಹೋದಾಗ ಆ ನರ್ಸ್ ನಮ್ಮನ್ನು ಮೊದಲು ಕರೆದುಕೊಂಡು ಹೋದದ್ದು ಆಸ್ಪತ್ರೆಯ ಹಿಂದಕ್ಕೆ. ಮಣ್ಣಿನ ದಿಬ್ಬದ ಮೇಲೆ ಒಂದು ಹಲಗೆ ನೆಟ್ಟಿದ್ದರು. ಆ ದಿನ ಕಿಟಕಿಯ ಹೊರಗೆ ಕೂತಿದ್ದವರಲ್ಲಿ ಆಗಲೇ ಆಪರೇಷನ್ ಆಗಿದ್ದ ಹೆಂಗಸರು ವಾಸಿಯಾಗಿ ಮನೆಗೆ ಹೋಗುವ ಮೊದಲು ನೆಟ್ಟದ್ದಂತೆ. ಕೆಂಪು ಬಣ್ಣದಲ್ಲಿ ಬರೆದಿದ್ದರು: ಮಾಮಾ ನೇಮಾ. ಆಸ್ಪತ್ರೆಯಲ್ಲಿ ಬರೆಸಿದ್ದ ಹೆಸರು ಅಲ್ಲಿರಲಿಲ್ಲ. ಡಾಕ್ಟರು ಕುಕ್ಕರುಗಾಲಲ್ಲಿ ಕೂತು, ಅಕ್ಷರಗಳ ಮೇಲಿನ ಧೂಳನ್ನು ಆ ಬಾಗಿದ ಬೆರಳಿನಿಂದ ಒರೆಸಿದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅಲ್ಲಿ ಮಾತ್ರ. ಥಿಯೇಟರಿಗೆ ಬಂದರೆ, ಮೊದಲನೆಯ ಹೆಂಗಸು ಟೇಬಲ್ಲಿನ ಮೇಲೆ ಮಲಗಿ, ಅವರು ಕೇಳುವ ಮೊದಲೇ ತನ್ನ ಮನೆಯ ಹೆಸರು ಹೇಳಿದಳು. ಅವರು ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡರು.

ಆಮೇಲೂ ಕೆಲವು ವರ್ಷ ಹೋದೆವು. ಎರಡು ಸಾವಿರದ ದಶಕದ ನಡುವೆ ಅವರಿಗೆ ಕರುಳಿನಲ್ಲಿ ಗಡ್ಡೆಯಾಯಿತು. ಆಪರೇಷನ್ ನಮ್ಮಲ್ಲೇ ಆಗಬೇಕೆಂದರು. ನಿದ್ದೆ ಬರಿಸುವುದು ಅವರ ಕೈಯಲ್ಲೇ ಕಲಿತ ಹುಡುಗಿ; ಪಾಪ, ಅವಳು ಮದ್ದಿನ ಲೆಕ್ಕವನ್ನು ಮೂರು ಸಲ ನೋಡಿದಳು. ನಾನು ಅಂಗೈಗಳನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಂಡು ಅವರ ತಲೆಯ ಹತ್ತಿರ ನಿಂತೆ.

"ಮನ್ಯಾಗ ನಿಮ್ಮನ್ನ ಏನಂತ ಕರೀತಾರ್ರಿ ಸರ್?"

ಅವರು ಆ ಮುದುಕಿಯ ಹಾಗೆಯೇ ನಾಚಿಕೊಂಡರು. "ಕರಿಯವರು ಈಗ ಯಾರೂ ಉಳದಿಲ್ರಿ. ಅವ್ವ ಹೋದ್ಲು. ಧಾರವಾಡದಾಗ ಅಕ್ಕ ಇದ್ಲು, ಅಕೀನೂ ಹ್ವಾದ ವರ್ಷ ಹೋದ್ಲು."

"ನಾ ಅದೀನ್ರಿ. ಹೇಳ್ರಿ."

ಹೇಳಿದರು. ಎರಡು ಸಲ ಬಾಯಲ್ಲಿ ಹೇಳಿ ನೋಡಿಕೊಂಡೆ. ಅಂಥ ದೊಡ್ಡ ಮನುಷ್ಯನಿಗೆ ಅಂಥ ಪುಟ್ಟ ಹೆಸರು. ಆಪರೇಷನ್ ಮುಗಿದ ಮೇಲೆ ಸ್ಟೂಲಿನ ಮೇಲೆ ಕೂತು ಕರೆದೆ. ಅವರ ಹುಬ್ಬು ಮೊದಲು ಅಲ್ಲಾಡಿತು, ಆಮೇಲೆ ಕಣ್ಣು ತೆರೆಯಿತು. ನನ್ನನ್ನು ಬಹಳ ಹೊತ್ತು ನೋಡಿ, "ನೀವೇನ್ರಿ? ನಾ ಯಾರೋ ಅಂದ್ಕೊಂಡಿದ್ದೆ" ಎಂದರು.

ಗಡ್ಡೆ ಆಗಲೇ ಯಕೃತ್ತಿಗೂ ಹಬ್ಬಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಅವರನ್ನು ಮತ್ತೆ ನಮ್ಮ ಆಸ್ಪತ್ರೆಗೇ ತಂದು ಮಲಗಿಸಿದರು. ಆ ವರ್ಷದ ಶಿಬಿರಕ್ಕೆ ಅವರ ಶಿಷ್ಯೆ ಹೊರಟು ನಿಂತಿದ್ದಳು. ಅವಳನ್ನು ಹತ್ತಿರ ಕರೆದು ಅವರು ಹೇಳಿದ್ದು ಒಂದೇ ಮಾತು: ಹೆಸರು ಕೇಳಿದ ಮೇಲೆ ಸ್ಟೂಲ್ ಬಿಟ್ಟು ಏಳಬಾರದು.

ಕೊನೆಯ ದಿನ ನಾನು ಥಿಯೇಟರಿನಲ್ಲಿದ್ದೆ. ಮೇಲಿನ ವಾರ್ಡಿನಿಂದ ಫೋನು ಬಂತು. ನಾನು ಹೋಗುವಷ್ಟರಲ್ಲಿ ಅವರಿಗೆ ಸ್ಮೃತಿ ಇರಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತೆ. ಎಡಗೈ ಹಾಸಿಗೆಯ ಮೇಲಿತ್ತು, ಕಿರುಬೆರಳು ಒಳಕ್ಕೆ ಬಾಗಿತ್ತು. ಅದನ್ನು ಹಿಡಿದುಕೊಂಡು ಕಿವಿಯ ಬಳಿ ಬಾಗಿ ಆ ಹೆಸರಿನಿಂದ ಕರೆದೆ. ಬಿಡುವು ಕೊಟ್ಟು, ಕಾದು, ಮತ್ತೆ ಕರೆದೆ. ಉಸಿರು ದೂರ ದೂರವಾಯಿತು, ಆಮೇಲೆ ಬರಲಿಲ್ಲ. ಡ್ಯೂಟಿಯಲ್ಲಿದ್ದ ಸಣ್ಣ ಡಾಕ್ಟರ್ ಬಂದು ಎದೆ ನೋಡಿ, "ಸಿಸ್ಟರ್, ಆತಾ ರಾಹೂ ದ್ಯಾ" ಎಂದ. ಇನ್ನು ಬಿಡಿ ಎಂದು. ನಾನು ಬಿಡಲಿಲ್ಲ. ಅವರನ್ನು ಆ ಹೆಸರಿನಿಂದ ಕರೆಯುವವರು ಬೇರೆ ಯಾರೂ ಇರಲಿಲ್ಲ.

ಅವರ ಬಗ್ಗೆ ಬರೆಯುತ್ತೇನೆಂದಾಗ ಮ್ಯಾಡಂ ಆ ಹೆಸರು ಏನೆಂದು ಕೇಳಿದರು. ನಾನು ಹೇಳಲಿಲ್ಲ. ಇಲ್ಲಿಯೂ ಬರೆಯುವುದಿಲ್ಲ. ಅದನ್ನು ಅವರು ನನಗೆ ಕೊಟ್ಟದ್ದು ಕರೆಯುವುದಕ್ಕೆ.